ಅಗೆಯುವ ಯಂತ್ರಕ್ಕೊಂದು ಮಣಿಕಟ್ಟು

ಬೆಂಗಳೂರಿನಿಂದ ತುಮಕೂರಿಗೆ ಹೋಗುವವರು ಊರನ್ನು ಸೇರುವ ಮುನ್ನ ಕ್ಯಾತ್ಸಂದ್ರದಲ್ಲಿ ಇಳಿದು, ತಟ್ಟೆ ಇಡ್ಲಿಯನ್ನು ತಿಂದು ಮುಂದೆ ಸಾಗುವುದು ಬಹುಕಾಲದ ರೂಢಿ. ಮುಂದಿನ ಸಲ ಹಾಗೆ ಕುಳಿತಾಗ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಬಲಗೈಯ ಹೆಗಲು ಮತ್ತು ಮೊಣಕೈಗಳನ್ನು ಬೇಕಾದಂತೆ ಆಡಿಸಲಿ. ಬೆರಳುಗಳನ್ನು ಒಟ್ಟಾಗಿ ಮಡಿಸಿ ಬಿಡಿಸಲಿ. ಆದರೆ ಮಣಿಕಟ್ಟನ್ನು ಮಾತ್ರ ಅಲುಗಿಸಬಾರದು, ಮುಂಗೈಯನ್ನು ತಿರುಚಬಾರದು. ಕೈ ತಟ್ಟೆಯನ್ನು ಮುಟ್ಟುವುದರಲ್ಲಿ ಸಂದೇಹವಿಲ್ಲ. ಆದರೆ ಇಡ್ಲಿಯ ಅಂಚನ್ನು ಮುರಿದು, ಚಟ್ನಿಯಲ್ಲಿ ಅದ್ದಿ, ಬಾಯಿಗೆ ತರುವ ಹೊತ್ತಿಗೆ ನಾವು ಬೆಂಚಿನ ಮೇಲೆ ಅತ್ತಿತ್ತ ಸರಿದು, ಮೈಯನ್ನೆಲ್ಲ ವಾಲಿಸಿ, ಪಕ್ಕದವರ ನಗೆಗೆ ಗುರಿಯಾಗಿರುತ್ತೇವೆ. ಕೈಯಲ್ಲಿ ಬಲವಿದೆ, ಉದ್ದವಿದೆ. ಇಲ್ಲದ್ದು ದಿಕ್ಕನ್ನು ಬದಲಿಸುವ ಸೌಕರ್ಯ.

ಹೋಟೆಲಿನ ಹೊರಗೆ, ಓಣಿಯ ಬಾಯಿಯಲ್ಲಿ, ನೀರಿನ ಕೊಳವೆಗಾಗಿ ನೆಲವನ್ನು ತೋಡುತ್ತಿರುವ ಯಂತ್ರದ ಪಾಡೂ ಇದೇ. ಚೈನಿನ ಮೇಲೆ ಹರಿದಾಡುವ ಈ ಯಂತ್ರವನ್ನು ಅದು ಯಾವ ಕಂಪನಿಯದೇ ಆಗಿರಲಿ ನಮ್ಮ ಜನ ‘ಹಿಟಾಚಿ’ ಎಂದೂ, ಅದರಲ್ಲಿ ಚಿಕ್ಕದನ್ನು ‘ಮಿನಿ ಹಿಟಾಚಿ’ ಎಂದೂ ಕರೆಯುತ್ತಾರೆ. ಧಾರವಾಡದಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆಯೇ ಇರುವಾಗ ಆ ಹೆಸರು ಇಲ್ಲಿ ಬೇರೂರಿದುದು ಸಹಜ. ಯಂತ್ರ ಸ್ವಲ್ಪ ಅಗೆಯುತ್ತದೆ, ಹಿಂದೆ ಸರಿಯುತ್ತದೆ, ಓರೆಯಾಗಿ ನಿಲ್ಲುತ್ತದೆ, ಮತ್ತೆ ಮುಂದೆ ಬರುತ್ತದೆ. ಹೊಸದಾಗಿ ಹಾಕಿದ ಡಾಂಬರು ಚೈನಿನ ಅಡಿಯಲ್ಲಿ ಕಿತ್ತು ಬರುತ್ತದೆ. ಅಡ್ಡಲಾಗಿ ಹಾದುಹೋಗಿರುವ ಹಳೆಯ ಕೊಳವೆಯೊಂದು ಕಂಡಿತೆಂದರೆ ಯಂತ್ರವನ್ನು ನಿಲ್ಲಿಸಿ, ಸನಿಕೆ ಹಿಡಿದ ಒಬ್ಬಾತನನ್ನು ಗುಂಡಿಗೆ ಇಳಿಸುತ್ತಾರೆ. ಯಂತ್ರ ಮಾಡಲಾರದ್ದನ್ನು ಆತ ಮಾಡಬೇಕು. ಯಂತ್ರಕ್ಕೆ ಏಕೆ ಅದು ಸಾಧ್ಯವಿಲ್ಲ? ಸಾಧ್ಯವಾಗುವಂತೆ ಮಾಡಲು ಬಂದಿರುವ ಟಿಲ್ಟ್‌ರೊಟೇಟರ್ ಎಂಬ ಸಾಧನ ಯಾವ ಬಗೆಯದು, ಅದನ್ನು ಚಿಕ್ಕ ಯಂತ್ರಕ್ಕೆ ಕೂಡಿಸುವಾಗ ಏನನ್ನು ಲೆಕ್ಕ ಹಾಕಬೇಕು? ಇದೇ ನಮ್ಮ ಈ ಲೇಖನದ ವಿಷಯ.

ಅಗೆಯುವ ಯಂತ್ರದ ಅಂಗಗಳನ್ನು ನಮ್ಮ ಕೈಗೆ ಹೋಲಿಸಬಹುದು. ಮೈಗೆ ಹತ್ತಿರವಿರುವ ಬೂಮ್ ಎಂಬುದು ತೋಳು. ಅದರ ತುದಿಯ ಆರ್ಮ್ ಎಂಬುದು ಮುಂಗೈ. ಕೊನೆಯ ಬಕೆಟ್ಟೇ ಅಂಗೈ. ಈ ಮೂರೂ ಮಡಿಸುವುದು, ಬಿಚ್ಚುವುದು ಒಂದೇ ಲಂಬ ಸಮತಲದಲ್ಲಿ, ಬಾಗಿಲುಗಳ ಕೀಲಿನಂತೆ. ನಾಲ್ಕನೆಯ ಚಲನೆಯೊಂದಿದೆ: ಆಪರೇಟರ್ ಕುಳಿತ ಕೋಣೆಯೇ ಚೈನುಗಳ ಮೇಲೆ ಸುತ್ತುತ್ತದೆ, ಅದರೊಂದಿಗೆ ಆ ಸಮತಲವೂ ಸುತ್ತುತ್ತದೆ. ಅಂದರೆ ಒಟ್ಟು ನಾಲ್ಕು ಸ್ವತಂತ್ರ ಚಲನೆಗಳು.

ಈಗ ಜ್ಯಾಮಿತಿಯ ಒಂದು ಮಾತು. ಆಕಾಶದಲ್ಲಿ ಒಂದು ಘನವಸ್ತುವನ್ನು ನಮಗೆ ಬೇಕಾದ ಕಡೆ, ಬೇಕಾದ ರೀತಿಯಲ್ಲಿ ಇಡಬೇಕಾದರೆ ಎಷ್ಟು ಸ್ವತಂತ್ರ ಚಲನೆಗಳು ಬೇಕು? ಅದರ ಸ್ಥಾನವನ್ನು ಗೊತ್ತುಮಾಡಲು ಮೂರು: ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ. ಅದು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಗೊತ್ತುಮಾಡಲು ಇನ್ನು ಮೂರು: ಮುಗ್ಗರಿಸುವುದು, ಪಕ್ಕಕ್ಕೆ ಓಲುವುದು, ತನ್ನ ಸುತ್ತ ತಾನೇ ತಿರುಗುವುದು. ಒಟ್ಟು ಆರು. ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವ ಯಂತ್ರಮಾನವನ ಕೈಗೆ ಸಾಮಾನ್ಯವಾಗಿ ಆರು ಕೀಲುಗಳಿರುವುದು ಇದೇ ಕಾರಣದಿಂದ. ನಮ್ಮ ಅಗೆಯುವ ಯಂತ್ರಕ್ಕಿರುವುದು ನಾಲ್ಕೇ. ಮೂರು ಸ್ಥಾನಕ್ಕೆ ಖರ್ಚಾದರೆ ದಿಕ್ಕಿಗೆ ಉಳಿಯುವುದು ಒಂದೇ: ಬಕೆಟ್ಟನ್ನು ಒಳಕ್ಕೆ ಮಡಿಸುವುದು, ಹೊರಕ್ಕೆ ಬಿಚ್ಚುವುದು. ಅದರ ಬಾಯಿ ಎಂದೆಂದಿಗೂ ಆಪರೇಟರನ ಕಡೆಗೇ ತಿರುಗಿರಬೇಕು. ಅದರ ಅಂಚು ಎಂದೆಂದಿಗೂ ಚೈನುಗಳು ನಿಂತ ನೆಲಕ್ಕೆ ಸಮಾಂತರವಾಗಿಯೇ ಇರಬೇಕು. ಚೈನು ಓರೆಯಾದ ನೆಲದ ಮೇಲೆ ನಿಂತರೆ ತೋಡಿದ ಕಂದಕದ ತಳವೂ ಓರೆ. ಚಿಕ್ಕ ಯಂತ್ರಗಳಲ್ಲಿ ಬೂಮ್‌ನ ಬುಡವನ್ನು ಎಡಬಲಕ್ಕೆ ಹೊರಳಿಸುವ ಏರ್ಪಾಡು ಇರುವುದುಂಟು; ಗೋಡೆಯ ಪಕ್ಕದಲ್ಲಿ ತೋಡಲು ಅದು ಬಹಳ ಅನುಕೂಲ. ಆದರೆ ಅದರಿಂದಲೂ ಬಕೆಟ್ಟು ಓಲುವುದಿಲ್ಲ, ಹಿಂದುಮುಂದಾಗಿ ತಿರುಗುವುದೂ ಇಲ್ಲ.

ಕೊರತೆ ಎರಡು ಚಲನೆಗಳದು. ಟಿಲ್ಟ್‌ರೊಟೇಟರ್ ಕೊಡುವುದೂ ಸರಿಯಾಗಿ ಎರಡನ್ನೇ. ಹೆಸರೇ ಹೇಳುವಂತೆ ಒಂದು ಓಲುವಿಕೆ, ಇನ್ನೊಂದು ಸುತ್ತುವಿಕೆ. ಆರ್ಮ್‌ನ ತುದಿಗೂ ಬಕೆಟ್ಟಿಗೂ ನಡುವೆ ಕೂರುವ ಈ ಉಕ್ಕಿನ ಗಂಟು ಬಕೆಟ್ಟನ್ನು ಎಡಕ್ಕೂ ಬಲಕ್ಕೂ ಸಾಮಾನ್ಯವಾಗಿ ೪೫ ಡಿಗ್ರಿಯ ವರೆಗೆ ಓಲಿಸುತ್ತದೆ; ಮತ್ತು ೩೬೦ ಡಿಗ್ರಿ, ಎಂದರೆ ಎಷ್ಟು ಸುತ್ತು ಬೇಕಾದರೂ, ತಿರುಗಿಸುತ್ತದೆ. ಇದನ್ನು ಯಂತ್ರದ ಮಣಿಕಟ್ಟು ಎಂದು ಕರೆದರೆ ತಪ್ಪಾಗದು. ನಮ್ಮ ಮಣಿಕಟ್ಟು ಪೂರ್ತಿ ಒಂದು ಸುತ್ತು ತಿರುಗಲಾರದು. ಆ ಮಟ್ಟಿಗೆ ಯಂತ್ರದ್ದೇ ಮೇಲು.

ಇದರ ಒಳರಚನೆಯನ್ನು ನೋಡೋಣ. ಮೇಲ್ಭಾಗದಲ್ಲಿ ಒಂದು ಕೀಲು. ಅದರ ಇಕ್ಕೆಲಗಳಲ್ಲಿ ಸಾಮಾನ್ಯವಾಗಿ ಎರಡು ಚಿಕ್ಕ ಹೈಡ್ರಾಲಿಕ್ ಸಿಲಿಂಡರುಗಳು. ಒಂದು ಚಾಚಿದಾಗ ಇನ್ನೊಂದು ಮಡಿಸಿಕೊಳ್ಳುತ್ತದೆ. ತಕ್ಕಡಿಯ ದಂಡಿಗೆಯಂತೆ ಕೆಳಭಾಗ ಒಂದು ಕಡೆಗೆ ಓಲುತ್ತದೆ. ಇಷ್ಟು ಚಿಕ್ಕ ಸಿಲಿಂಡರಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆಂದು ಕೇಳುವವರು ಪಾಸ್ಕಲ್ಲನ ನಿಯಮವನ್ನು ನೆನಪಿಗೆ ತಂದುಕೊಳ್ಳಬೇಕು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಒಳವ್ಯಾಸ ೬ ಸೆಂಟಿಮೀಟರ್ ಇರುವ ಸಿಲಿಂಡರಿನಲ್ಲಿ ಕೊಂತದ ಮುಖದ ವಿಸ್ತೀರ್ಣ ಸುಮಾರು ೨೮ ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಂ ಆದರೆ ಕೊಂತ ನೂಕುವ ಬಲ ಸುಮಾರು ೫,೬೦೦ ಕಿಲೋಗ್ರಾಂ. ಒಂದು ಆನೆಯ ತೂಕವನ್ನು ಎತ್ತಲು ಲೋಟದಷ್ಟು ಅಗಲದ ಕೊಳವೆ ಸಾಕು ಎಂದಾಯಿತು.

ಕೆಳಭಾಗದಲ್ಲಿರುವುದು ಸುತ್ತುವ ಏರ್ಪಾಡು. ಎಣ್ಣೆಯ ಒತ್ತಡದಿಂದ ತಿರುಗುವ ಒಂದು ಚಿಕ್ಕ ಮೋಟಾರು ಒಂದು ತಿರುಪನ್ನು ತಿರುಗಿಸುತ್ತದೆ. ತಿರುಪಿನ ಸುರುಳಿ ದೊಡ್ಡ ಹಲ್ಲುಚಕ್ರವೊಂದನ್ನು ಒಂದೊಂದೇ ಹಲ್ಲಿನಂತೆ ಮುಂದೂಡುತ್ತದೆ. ಚಕ್ರಕ್ಕೆ ೪೦ ಹಲ್ಲುಗಳಿದ್ದು ತಿರುಪಿನ ಸುರುಳಿ ಒಂದೇ ಎಳೆಯದಾದರೆ ಮೋಟಾರು ೪೦ ಸುತ್ತು ತಿರುಗಿದಾಗ ಬಕೆಟ್ಟು ಒಂದು ಸುತ್ತು ಬರುತ್ತದೆ. ವೇಗ ಇಳಿಯುತ್ತದೆ, ಬಲ ಏರುತ್ತದೆ. ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ನಮ್ಮ ಕೆರೆಯ ತೂಬಿನ ಬಾಗಿಲನ್ನು ತಿರುಪಿನಿಂದ ಎತ್ತುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರುತ್ತಾರೆ. ಕೈಹಿಡಿಯನ್ನು ತಿರುಗಿಸಿದರೆ ಬಾಗಿಲು ಏರುತ್ತದೆ. ಆದರೆ ಬಾಗಿಲಿನ ತೂಕ ಎಷ್ಟೇ ಇದ್ದರೂ ಕೈಹಿಡಿಯನ್ನು ತಾನಾಗಿ ಹಿಂದಕ್ಕೆ ತಿರುಗಿಸಲಾರದು. ಈ ತಿರುಪು-ಚಕ್ರದ ಜೋಡಿಯಲ್ಲೂ ಹಾಗೆಯೇ. ಬಕೆಟ್ಟಿನ ಒಂದು ಮೂಲೆ ಕಲ್ಲಿಗೆ ತಗಲಿದರೆ ಅದು ತಟಕ್ಕನೆ ಹೊರಳಿಬಿಡುವುದಿಲ್ಲ. ಇನ್ನು ಬಕೆಟ್ಟು ಸುತ್ತು ಹಾಕುತ್ತಲೇ ಇದ್ದರೂ ಎಣ್ಣೆಯ ಕೊಳವೆಗಳು ಹಗ್ಗದಂತೆ ಹೊಸೆದುಕೊಳ್ಳದಿರುವುದಕ್ಕೆ ಕಾರಣ, ನಡುವಿನ ಅಕ್ಷದಲ್ಲಿಯೇ ಎಣ್ಣೆಗೆ ತಿರುಗುಕೀಲಿನ ದಾರಿಯೊಂದನ್ನು ಕೊರೆದಿರುವುದು.

ಇದು ಹುಟ್ಟಿದುದು ಸ್ವೀಡನ್ ದೇಶದ ಉತ್ತರ ಭಾಗದಲ್ಲಿ. ಅಲ್ಲಿನ ವಿಂಡೆಲ್ನ್ ಎಂಬ ಊರಿನಿಂದ ‘ರೊಟೊಟಿಲ್ಟ್’ ಎಂಬ ಹೆಸರಿನ ಸಾಧನ ೧೯೮೬ರಲ್ಲಿ ಹೊರಬಂದಿತು. ೧೯೯೦ರಲ್ಲಿ ಸ್ಟಿಗ್ ಎಂಗ್‌ಸ್ಟ್ರೋಮ್ ಎಂಬುವರು ಸ್ಟ್ರೋಮ್‌ಸುಂಡ್‌ನಲ್ಲಿ ‘ಎಂಗ್‌ಕಾನ್’ ಸಂಸ್ಥೆಯನ್ನು ಸ್ಥಾಪಿಸಿದರು. ಜನ ವಿರಳವಾದ, ಕೂಲಿ ದುಬಾರಿಯಾದ ಆ ಸೀಮೆಯಲ್ಲಿ ಯಂತ್ರದ ಜೊತೆಗೆ ಸನಿಕೆ ಹಿಡಿದವನು ಸಿಗುವುದಿಲ್ಲ. ಆಪರೇಟರ್ ಒಬ್ಬನೇ ತೋಡಬೇಕು, ಕೊಳವೆಯನ್ನಿಡಬೇಕು, ಮುಚ್ಚಬೇಕು, ನೆಲವನ್ನು ಸಮ ಮಾಡಬೇಕು. ಇಂದು ಸ್ವೀಡನ್ನಿನಲ್ಲಿ ಮಾರಾಟವಾಗುವ ಹೊಸ ಅಗೆಯುವ ಯಂತ್ರಗಳಲ್ಲಿ ಬಹುಪಾಲು ಈ ಮಣಿಕಟ್ಟನ್ನು ಹೊಂದಿರುತ್ತವೆ. ವಿಲಿಯಂ ಓಟಿಸ್ ಎಂಬ ಅಮೆರಿಕದವನು ಉಗಿಯ ಸನಿಕೆಗೆ ೧೮೩೯ರಲ್ಲಿ ಹಕ್ಕುಪತ್ರ ಪಡೆದಂದಿನಿಂದ ಈ ಯಂತ್ರದ ಬಲ ಬೆಳೆಯುತ್ತಲೇ ಬಂದಿತು; ಫ್ರಾನ್ಸಿನ ಪೊಕ್ಲೇನ್ ಕಂಪನಿ ೧೯೫೧ರಲ್ಲಿ ಎಣ್ಣೆಯ ಒತ್ತಡದ ಯಂತ್ರವನ್ನು ತಯಾರಿಸಿದ ಮೇಲೆ ಅದು ಚುರುಕೂ ಆಯಿತು. ಆದರೆ ಮಣಿಕಟ್ಟು ಬರಲು ಒಂದೂವರೆ ಶತಮಾನ ಹಿಡಿಯಿತೆಂಬುದು ಸೋಜಿಗ.

ನಮ್ಮಲ್ಲಿ ಇದು ಇನ್ನೂ ಅಪರೂಪ. ಕೊಂಡು ತಂದು ಕೂಡಿಸುವವರು ಮೊದಲು ತಿಳಿಯಬೇಕಾದ ಸಂಗತಿ ಇದು: ಮಣಿಕಟ್ಟು ಪುಕ್ಕಟೆಯಾಗಿ ಬರುವುದಿಲ್ಲ. ಅದರ ಬೆಲೆಯನ್ನು ಹಣದಲ್ಲಿ ತೆತ್ತ ಮೇಲೆಯೂ ತೂಕದಲ್ಲಿ ಮತ್ತೊಮ್ಮೆ ತೆರಬೇಕು. ದೊಡ್ಡ ಯಂತ್ರಕ್ಕೆ ಆ ತೂಕ ಲೆಕ್ಕಕ್ಕಿಲ್ಲ. ಚಿಕ್ಕ ಯಂತ್ರಕ್ಕೆ ಅದೇ ಸರ್ವಸ್ವ.

ಬಾವಿಯ ಮೇಲಿನ ಏತವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏತದ ಉದ್ದ ಕೊನೆಯಲ್ಲಿ ತೂಗುವ ಕೊಡಕ್ಕೆ ಒಂದು ಸೇರು ನೀರು ಹೆಚ್ಚಾದರೆ, ಗಿಡ್ಡ ಕೊನೆಯಲ್ಲಿ ಹಲವು ಸೇರು ಕಲ್ಲನ್ನು ಹೇರಬೇಕಾಗುತ್ತದೆ. ಯಂತ್ರಕ್ಕೆ ಊರುಗೋಲು ಎಂದರೆ ಅದರ ಚೈನಿನ ಹೊರ ಅಂಚು. ಉದಾಹರಣೆಗಾಗಿ, ಬಕೆಟ್ಟನ್ನು ಕಳಚಿದ ಯಂತ್ರದ ತೂಕ ೫,೦೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ತೋಳನ್ನು ಪಕ್ಕಕ್ಕೆ ಚಾಚಿ ನಿಂತಾಗ ಅದರ ಗುರುತ್ವಕೇಂದ್ರ ಚೈನಿನ ಅಂಚಿನಿಂದ ೦.೪ ಮೀಟರ್ ಒಳಗಿದೆಯೆನ್ನೋಣ. ಬಕೆಟ್ಟು ಅಂಚಿನಿಂದ ೪ ಮೀಟರ್ ಹೊರಗಿರಲಿ. ಯಂತ್ರವನ್ನು ನೆಲಕ್ಕೆ ಹಿಡಿದಿಡುವ ತಿರುಗುಬಲ ೫,೦೦೦ × ೦.೪, ಎಂದರೆ ೨,೦೦೦ ಕಿಲೋಗ್ರಾಂ-ಮೀಟರ್. ಆದುದರಿಂದ ತೋಳಿನ ತುದಿಯಲ್ಲಿ ೨,೦೦೦ ÷ ೪, ಎಂದರೆ ೫೦೦ ಕಿಲೋಗ್ರಾಂ ತೂಗಿದೊಡನೆಯೇ ಯಂತ್ರ ವಾಲಲು ತೊಡಗುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ೧೦೫೬೭ನೆಯ ಮಾನಕದಂತೆ ವಾಲಿಸುವ ತೂಕದ ನೂರಕ್ಕೆ ೭೫ರಷ್ಟನ್ನು ಮಾತ್ರ ಎತ್ತಬಹುದು. ಇಲ್ಲಿ ಅದು ೩೭೫ ಕಿಲೋಗ್ರಾಂ. ಬಕೆಟ್ಟು ೧೨೦, ಅದರೊಳಗಿನ ಮಣ್ಣು ೨೦೦, ಒಟ್ಟು ೩೨೦. ಚಿಂತೆಯಿಲ್ಲ.

ಇಂಥ ಯಂತ್ರಕ್ಕೆ ಹೊಂದುವ ಟಿಲ್ಟ್‌ರೊಟೇಟರಿನ ತೂಕ ಸುಮಾರು ೧೫೦ರಿಂದ ೨೦೦ ಕಿಲೋಗ್ರಾಂ. ಅದನ್ನು ೧೮೦ ಎಂದು ತೆಗೆದುಕೊಂಡರೆ ತುದಿಯ ತೂಕ ೩೨೦ ಹೋಗಿ ೫೦೦ ಆಯಿತು. ಯಂತ್ರ ವಾಲುವ ತೂಕವೂ ಅದೇ! ನಿನ್ನೆಯ ವರೆಗೆ ನಿಶ್ಚಿಂತೆಯಿಂದ ಮಾಡುತ್ತಿದ್ದ ಕೆಲಸ ಇಂದು ಯಂತ್ರವನ್ನು ಗುಂಡಿಗೆ ಉರುಳಿಸುವ ಅಂಚಿಗೆ ಬಂದು ನಿಂತಿದೆ. ಆದರೆ ಆಪರೇಟರನ ಕೈಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಉಪಾಯವಿಲ್ಲವೆಂದಲ್ಲ. ತುಂಬಿದ ಬಕೆಟ್ಟನ್ನು ಅಂಚಿನಿಂದ ೩ ಮೀಟರಿನೊಳಗೆ ತಂದುಕೊಂಡರೆ ವಾಲಿಸುವ ತೂಕ ಸುಮಾರು ೬೬೭ಕ್ಕೆ ಏರುತ್ತದೆ; ಅದರ ನೂರಕ್ಕೆ ೭೫ರಷ್ಟು ಎಂದರೆ ಸರಿಯಾಗಿ ೫೦೦. ನಾಲ್ಕು ಮೀಟರಿನ ತೋಳು ಮೂರು ಮೀಟರಿನದಾಯಿತೆಂದು ತಿಳಿದು ಕೆಲಸ ಮಾಡಬೇಕು; ಇಲ್ಲವೆ ಬಕೆಟ್ಟನ್ನು ಚಿಕ್ಕದು ಮಾಡಬೇಕು. ಯಂತ್ರದ ಕೋಣೆಯಲ್ಲಿ ಅಂಟಿಸಿರುವ ಭಾರದ ಪಟ್ಟಿಯನ್ನು ಮಣಿಕಟ್ಟಿಲ್ಲದೆ ಬರೆದಿರುತ್ತಾರೆ, ಕೆಲವು ಪಟ್ಟಿಗಳಲ್ಲಿ ಬಕೆಟ್ಟಿನ ತೂಕವನ್ನೂ ಸೇರಿಸಿರುವುದಿಲ್ಲ ಎಂಬುದನ್ನು ಮರೆಯಬಾರದು.

ತೂಕದಂತೆಯೇ ಎತ್ತರದ ಲೆಕ್ಕವೂ ಇದೆ. ಬಕೆಟ್ಟಿನ ಹಲ್ಲು ಆರ್ಮ್‌ನ ಕೀಲಿನಿಂದ ಮೊದಲು ೭೫ ಸೆಂಟಿಮೀಟರ್ ದೂರವಿದ್ದು, ನಡುವೆ ಮಣಿಕಟ್ಟು ಬಂದ ಮೇಲೆ ೧೧೦ ಸೆಂಟಿಮೀಟರ್ ಆಯಿತೆನ್ನೋಣ. ಮಡಿಸುವ ಸಿಲಿಂಡರು ಕೊಡುವ ತಿರುಗುಬಲ ಮೊದಲಿನಷ್ಟೇ. ಆದುದರಿಂದ ಹಲ್ಲಿನ ತುದಿಯಲ್ಲಿ ೩,೬೦೦ ಕಿಲೋಗ್ರಾಂ ಇದ್ದ ಕಿತ್ತುವ ಬಲ ೩,೬೦೦ × ೭೫ ÷ ೧೧೦, ಸುಮಾರು ೨,೪೫೦ಕ್ಕೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು! ಮಣಿಕಟ್ಟಿನ ಜೊತೆಗೆ ಗಿಡ್ಡ ಬಕೆಟ್ಟನ್ನೇ ಕೊಳ್ಳಿರೆಂದು ತಯಾರಕರು ಹೇಳುವುದು ಬರಿಯ ವ್ಯಾಪಾರದ ಮಾತಲ್ಲ.

ಇನ್ನು ಕೂಡಿಸುವ ಕೆಲಸ. ಇದಕ್ಕೆ ಎರಡು ಮಾರ್ಗಗಳು. ಆರ್ಮ್‌ನ ತುದಿಯ ಪಿನ್ನುಗಳಿಗೇ ನೇರವಾಗಿ ತೊಡಿಸುವುದು ಒಂದು. ಅಲ್ಲಿ ಮೊದಲು ಕ್ವಿಕ್ ಹಿಚ್ ಎಂಬ ಕೊಂಡಿಯನ್ನಿಟ್ಟು ಅದರ ಕೆಳಗೆ ಹಿಡಿಸುವುದು ಇನ್ನೊಂದು. ಎರಡನೆಯದರಲ್ಲಿ ಮಣಿಕಟ್ಟನ್ನು ಬೇಕಾದಾಗ ಕಳಚಿಡಬಹುದು, ಆದರೆ ತೂಕ ಮತ್ತು ಎತ್ತರ ಇನ್ನಷ್ಟು ಹೆಚ್ಚುತ್ತವೆ. ಎರಡರಲ್ಲಿಯೂ ಅಳೆಯಬೇಕಾದವು ಮೂರು: ಪಿನ್ನಿನ ವ್ಯಾಸ, ಆರ್ಮ್‌ನ ತುದಿಯ ಅಗಲ, ಎರಡು ಪಿನ್ನುಗಳ ನಡುವಿನ ಅಂತರ. ಹಳೆಯ ಯಂತ್ರವಾದರೆ ಪಿನ್ನು, ಬುಷ್ಷುಗಳ ಸವೆತವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಕೀಲಿನಲ್ಲಿ ೨ ಮಿಲಿಮೀಟರ್ ಸಡಿಲವಿದ್ದರೆ ಅಗಲವಾದ ಬಕೆಟ್ಟಿನ ಮೂಲೆಯಲ್ಲಿ ಅದು ಹಲವು ಪಟ್ಟಾಗಿ ಕಾಣುತ್ತದೆ; ನಡುಗುವ ಕೈಯಿಂದ ರಂಗೋಲಿ ಬಿಡಿಸಿದಂತೆ.

ಎಣ್ಣೆಗೆ ಒಂದು ಹೋಗುವ ದಾರಿ, ಒಂದು ಮರಳುವ ದಾರಿ ಬೇಕು. ನಮ್ಮಲ್ಲಿ ಬಂಡೆ ಒಡೆಯುವ ಬ್ರೇಕರಿಗಾಗಿ ಬೂಮ್‌ನ ಉದ್ದಕ್ಕೂ ಎಳೆದ ಕೊಳವೆಗಳು ಅನೇಕ ಯಂತ್ರಗಳಲ್ಲಿ ಇದ್ದೇ ಇರುತ್ತವೆ. ಅವನ್ನು ಬಳಸಿಕೊಳ್ಳಬಹುದೆ ಎಂಬುದು ಅವು ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆಯನ್ನು, ಎಷ್ಟು ಒತ್ತಡದಲ್ಲಿ ಸಾಗಿಸುತ್ತವೆ ಎಂಬುದರ ಮೇಲೆ ನಿಂತಿದೆ. ಬ್ರೇಕರಿಗೆಂದು ಗೊತ್ತುಮಾಡಿದ ಒತ್ತಡ ಮಣಿಕಟ್ಟಿಗೆ ಹೆಚ್ಚಾದೀತು. ಹರಿವು ಕಡಿಮೆಯಾದರೆ ಓಲಿಸುತ್ತಲೇ ಸುತ್ತಿಸಲು ಆಗದೆ ಒಂದು ನಿಂತು ಒಂದು ನಡೆದೀತು. ಹೋಸ್‌ಗಳನ್ನು ಜೋಡಿಸಿದ ಮೇಲೆ ತೋಳನ್ನು ಪೂರ್ತಿ ಚಾಚಿ, ಪೂರ್ತಿ ಮಡಿಸಿ, ಎರಡೂ ಕಡೆಗೆ ಪೂರ್ತಿ ಓಲಿಸಿ, ಹೋಸ್ ಎಲ್ಲಿಯೂ ಬಿಗಿಯುವುದಿಲ್ಲ, ಎಲ್ಲಿಯೂ ಸಿಕ್ಕಿ ನಲುಗುವುದಿಲ್ಲ ಎಂಬುದನ್ನು ನಿಧಾನವಾಗಿ ಪರೀಕ್ಷಿಸಬೇಕು. ಬಿಚ್ಚಿದ ಹೋಸಿನ ಬಾಯಿಗೆ ಕೂಡಲೇ ಮುಚ್ಚಳ ಹಾಕಬೇಕು. ನಮ್ಮ ಕಡೆಯ ಬೇಸಗೆಯ ಕೆಂಪು ಧೂಳು ಒಂದು ಚಿಟಿಕೆ ಒಳಹೊಕ್ಕರೆ, ಕೂದಲಿಗಿಂತ ಸಣ್ಣ ಸಂದುಗಳಿರುವ ಕವಾಟಗಳನ್ನು ಅದು ಉಪ್ಪುಕಾಗದದಂತೆ ಉಜ್ಜಿ ಕೆಡಿಸುತ್ತದೆ.

ಎಣ್ಣೆ ಸೋರುವ ಜಾಗವನ್ನು ಬೆರಳಾಡಿಸಿ ಹುಡುಕುವ ಅಭ್ಯಾಸ ಕೆಲವರಿಗಿದೆ. ಇದು ಮಹಾ ಅಪಾಯ. ಸೂಜಿಮೊನೆಯಷ್ಟು ರಂಧ್ರದಿಂದ ೨೦೦ ಕಿಲೋಗ್ರಾಂ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ; ಚರ್ಮವನ್ನು ತೂರಿ ಒಳಗೆ ಹರಡುತ್ತದೆ. ಮೇಲೆ ಒಂದು ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಶಸ್ತ್ರವೈದ್ಯರ ಬಳಿಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ರಟ್ಟಿನ ತುಂಡೊಂದನ್ನು ಹಿಡಿದು ನೋಡಿದರೆ ಸೋರುವ ಜಾಗ ತಾನಾಗಿ ತಿಳಿಯುತ್ತದೆ.

ಈಗ ಮತ್ತೆ ಕ್ಯಾತ್ಸಂದ್ರದ ಓಣಿಗೆ ಬರೋಣ. ತುಮಕೂರು ನಗರಕ್ಕೆ ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಯ ಮೂಲಕ ಬರುತ್ತದೆ. ೨೦೧೬ರಲ್ಲಿ ಊರು ಸ್ಮಾರ್ಟ್ ಸಿಟಿ ಯೋಜನೆಗೆ ಸೇರಿದ ಮೇಲಂತೂ ಬೀದಿಗಳನ್ನು ಅಗೆದ ಲೆಕ್ಕವನ್ನು ಊರಿನವರೇ ಹೇಳಬೇಕು. ಹಳೆಯ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತಿನ ಕೇಬಲು ಇವು ನೆಲದೊಳಗೆ ಅಡ್ಡಡ್ಡಲಾಗಿ ಹೆಣೆದುಕೊಂಡಿರುವ ಕಡೆ ಸಾಧಾರಣ ಬಕೆಟ್ಟು ಕೊಳವೆಯ ಈಚೆಗೆ ತೋಡಬಲ್ಲದು, ಆಚೆಗೆ ತೋಡಬಲ್ಲದು. ಅದರ ಅಡಿಯ ಮಣ್ಣನ್ನು ಮಾತ್ರ ತೆಗೆಯಲಾರದು. ಅದಕ್ಕಾಗಿಯೇ ಮನುಷ್ಯ ಇಳಿಯಬೇಕಾಗುವುದು.

ಅವನು ಇಳಿಯುವ ಗುಂಡಿ ಎಂಥದು? ಈ ಸೀಮೆಯ ಕೆಂಪು ಮಣ್ಣು ಒಣಗಿದ್ದಾಗ ಗೋಡೆ ಕಟ್ಟಿದಂತೆ ನೆಟ್ಟಗೆ ನಿಲ್ಲುತ್ತದೆ. ನೋಡಿದವರಿಗೆ ಧೈರ್ಯ ಬರುತ್ತದೆ. ಪಕ್ಕದ ಹಳೆಯ ಕೊಳವೆ ಜಿನುಗಿ ನೀರು ಕುಡಿದ ಮಣ್ಣು ಅದೇ ರೂಪದಲ್ಲಿ ಕಂಡರೂ ಅದರ ಬಿಗಿತ ಹೋಗಿರುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅದು ಕುಸಿದು ಎದೆಯ ವರೆಗೆ ಹೂತವನ ತಲೆ ಹೊರಗಿದ್ದರೂ, ಎದೆ ಹಿಗ್ಗಲಾರದೆ ಉಸಿರು ಕಟ್ಟುತ್ತದೆ. ೧.೫ ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಹಲಗೆ-ಊರೆಗಳ ಆಸರೆ ಕೊಡಬೇಕೆಂದು ಭಾರತೀಯ ಮಾನಕ ೩೭೬೪ ವಿಧಿಸುತ್ತದೆ. ಓಣಿಯ ಕೆಲಸಗಳಲ್ಲಿ ಆ ಹಲಗೆಗಳನ್ನು ನೋಡಿದವರು ಎಷ್ಟು ಮಂದಿ ಎಂದು ವಾಚಕರು ತಮ್ಮನ್ನೇ ಕೇಳಿಕೊಳ್ಳಲಿ.

ಮಣಿಕಟ್ಟುಳ್ಳ ಯಂತ್ರ ಇಲ್ಲಿ ಮಾಡುವುದು ಇಷ್ಟು: ಕಿರಿದಾದ ಬಕೆಟ್ಟನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಕೊಳವೆಯ ಪಕ್ಕದಲ್ಲಿ ಇಳಿಸಿ, ಸ್ವಲ್ಪ ಓಲಿಸಿ, ಅದರ ಅಡಿಗೆ ತೂರಿಸಿ ಮಣ್ಣನ್ನು ಕೆರೆದು ತೆಗೆಯುತ್ತದೆ. ಬಕೆಟ್ಟಿನ ಬಾಯಿಯನ್ನು ಆಚೆಗೆ ತಿರುಗಿಸಿಕೊಂಡು, ತೆಗೆದ ಮಣ್ಣನ್ನು ನಿಂತ ಕಡೆಯಿಂದಲೇ ಮುಂದಕ್ಕೆ ನೂಕಿ ಮುಚ್ಚುತ್ತದೆ. ಓಣಿಯ ಒಂದು ಪಕ್ಕದಲ್ಲಿ ಗೋಡೆಗೆ ಸಮಾಂತರವಾಗಿ ನಿಂತೇ ಕಂದಕವನ್ನು ತೋಡುವುದರಿಂದ ಚೈನುಗಳು ಮೇಲಿಂದ ಮೇಲೆ ಹೊರಳುವುದಿಲ್ಲ, ಡಾಂಬರು ಉಳಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಸೈಕಲ್ಲು ಹೋಗಲು ಜಾಗವೂ ಉಳಿಯುತ್ತದೆ. ಕೊಳವೆಗಳ ಕೀಲನ್ನು ಬಿಗಿಯಲು ಮನುಷ್ಯ ಇಳಿಯಲೇಬೇಕು, ಆಗ ಆಸರೆಯೂ ಬೇಕೇ ಬೇಕು. ಆದರೆ ಕೆರೆಯಲು, ಒಪ್ಪಗೊಳಿಸಲು ಅವನು ಗಂಟೆಗಟ್ಟಲೆ ಅಲ್ಲಿ ಬಗ್ಗಿ ನಿಲ್ಲುವ ಅಗತ್ಯ ತಪ್ಪುತ್ತದೆ.

ಇದೇ ಸಾಧನ ಹೊಸದೊಂದು ಅಪಾಯವನ್ನೂ ತರುತ್ತದೆಂಬುದನ್ನು ಮುಚ್ಚಿಡಬಾರದು. ಕ್ವಿಕ್ ಹಿಚ್ ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಬಕೆಟ್ಟು ಸ್ವಲ್ಪ ಹೊತ್ತು ತೂಗಾಡುತ್ತಲೇ ಇರಬಲ್ಲದು. ಮಣಿಕಟ್ಟಿನಿಂದ ಅದನ್ನು ತಿರುಗಿಸಿ ಓಲಿಸಿದಾಗ ಕಳಚಿ ಬೀಳುತ್ತದೆ. ನೂರು ಕಿಲೋಗ್ರಾಂ ಉಕ್ಕು ಕಂದಕದೊಳಗಿನ ತಲೆಯ ಮೇಲೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಪ್ರತಿಸಲ ಬಕೆಟ್ಟನ್ನು ಬದಲಿಸಿದ ಮೇಲೆಯೂ ಅದನ್ನು ನೆಲಕ್ಕೆ ಒತ್ತಿ, ಎಳೆದು, ಕೊಂಡಿ ಬಿದ್ದುದನ್ನು ಕಣ್ಣಿನಿಂದ ನೋಡಿಯೇ ಕೆಲಸಕ್ಕೆ ತೊಡಗಬೇಕು. ತೂಗುವ ಬಕೆಟ್ಟಿನ ಅಡಿಯಲ್ಲಿ ಯಾರೂ ಇರಕೂಡದು, ಒಂದು ಕ್ಷಣವೂ.

ಗುಬ್ಬಿಯ ಕಡೆಯ ತೋಟಗಳಲ್ಲಿ ಈ ಮಣಿಕಟ್ಟಿಗೆ ಒಳ್ಳೆಯ ಕೆಲಸವಿದೆಯೆಂದು ನನ್ನ ಎಣಿಕೆ. ಅಡಿಕೆಯ ಸಸಿಗಳನ್ನು ಸುಮಾರು ೨.೭ ಮೀಟರ್ ಅಂತರದಲ್ಲಿ ನೆಡುತ್ತಾರೆ. ಬೇರಿನ ಬಹುಪಾಲು ಬುಡದಿಂದ ಒಂದು ಮೀಟರಿನೊಳಗೇ ಇರುತ್ತದೆ. ಅಂಥ ಸಾಲಿನ ನಡುವೆ ಹನಿ ನೀರಾವರಿಯ ಕೊಳವೆಗೆ ಕಾಲುವೆ ತೋಡುವಾಗ ಯಂತ್ರ ತಿರುಗಿದರೆ ಹಿಂಭಾಗ ಮರಕ್ಕೆ ತಗಲುತ್ತದೆ. ತಿರುಗದಿದ್ದರೆ ಬಕೆಟ್ಟು ಬೇಕಾದ ದಿಕ್ಕಿಗೆ ಬರುವುದಿಲ್ಲ. ಬಕೆಟ್ಟೊಂದೇ ತಿರುಗುವಂತಿದ್ದರೆ ಎರಡು ಕಷ್ಟಗಳೂ ಇಲ್ಲ. ಕುಣಿಗಲ್ಲಿನಂಥ ಕೆರೆಗಳ ಸೀಮೆಯಲ್ಲಿ ಏರಿಯ ಇಳಿಜಾರನ್ನು ಒಪ್ಪ ಮಾಡುವುದಕ್ಕೂ ಇದು ಹೇಳಿಮಾಡಿಸಿದಂತಿದೆ. ಎರಡು ಅಳತೆ ಅಡ್ಡಕ್ಕೆ ಒಂದು ಅಳತೆ ಎತ್ತರದ ಇಳಿಜಾರು ನೆಲದೊಂದಿಗೆ ಮಾಡುವ ಕೋನ ಸುಮಾರು ೨೬½ ಡಿಗ್ರಿ. ೪೫ರ ವರೆಗೆ ಓಲುವ ಬಕೆಟ್ಟಿಗೆ ಇದು ಲೀಲೆ. ಏರಿಯ ಮೇಲೆ ಉದ್ದಕ್ಕೆ ನಿಂತು, ಬಕೆಟ್ಟನ್ನು ಆ ಕೋನಕ್ಕೆ ಓಲಿಸಿ, ಗೋಡೆಗೆ ಗಾರೆ ಸವರುವಂತೆ ಇಳಿಜಾರನ್ನು ಸವರುತ್ತ ಹೋಗಬಹುದು.

ಆದರೆ ಸಿದ್ಧಗಂಗೆ, ದೇವರಾಯನದುರ್ಗಗಳ ನೆರೆಯಲ್ಲಿ ಅಗೆಯುವವರಿಗೆ ನಾಲ್ಕಡಿ ಕೆಳಗೆ ಏನು ಕಾದಿದೆಯೆಂಬುದು ಗೊತ್ತು. ಮೇಲೆ ಮಣ್ಣು, ಅದರಡಿ ಗರಸು, ಅದರಡಿ ಬಂಡೆ. ಬಂಡೆಗೆ ಬ್ರೇಕರ್ ಬೇಕು. ಬ್ರೇಕರಿನ ಒಂದೇ ಸಮನೆ ಬೀಳುವ ಪೆಟ್ಟು ತಿರುಪು-ಚಕ್ರದ ಹಲ್ಲುಗಳಿಗೂ ಬೇರಿಂಗುಗಳಿಗೂ ಶತ್ರು. ಮಣಿಕಟ್ಟನ್ನು ಕಳಚಿಟ್ಟು ಬ್ರೇಕರನ್ನು ಆರ್ಮ್‌ಗೇ ನೇರವಾಗಿ ಹಿಡಿಸುವುದು ಕ್ಷೇಮ. ಹೀಗಾಗಿ ನಮ್ಮ ನೆಲಕ್ಕೆ ಕೊಂಚ ಹೆಚ್ಚು ತೂಕವಾದರೂ ಕಳಚಿಡಬಹುದಾದ ಎರಡನೆಯ ಮಾರ್ಗವೇ ಲೇಸೆಂದು ತೋರುತ್ತದೆ. ಅಗಲದ ಬಕೆಟ್ಟನ್ನು ಓಲಿಸಿ ಅದರ ಮೂಲೆಯಿಂದ ಗುಂಡುಕಲ್ಲನ್ನು ಮೀಟುವುದೂ ತಪ್ಪು. ೧.೨ ಮೀಟರ್ ಅಗಲದ ಬಕೆಟ್ಟಿನ ಮೂಲೆ ನಡುವಿನಿಂದ ೬೦ ಸೆಂಟಿಮೀಟರ್ ದೂರವಿರುತ್ತದೆ. ಅಲ್ಲಿ ಬಿದ್ದ ಬಲವೆಲ್ಲ ಹಾರೆಯ ತುದಿಯನ್ನು ಹಿಡಿದು ಒತ್ತಿದಂತೆ ಓಲಿಸುವ ಕೀಲಿನ ಮೇಲೆ ಬರುತ್ತದೆ.

ಆಪರೇಟರನ ಕೈಗೂ ಹೊಸ ಪಾಠ ಬೇಕು. ಎರಡು ಹಿಡಿಕೆಗಳಿಂದ ನಾಲ್ಕು ಚಲನೆಗಳನ್ನು ಆಡಿಸಿ ಪಳಗಿದವನು, ಆ ಹಿಡಿಕೆಗಳ ನೆತ್ತ್ತಿಯ ಮೇಲಿರುವ ಉರುಳುಗುಂಡಿಗಳನ್ನು ಹೆಬ್ಬೆರಳುಗಳಿಂದ ಹೊರಳಿಸಿ ಇನ್ನೆರಡನ್ನು ಆಡಿಸಬೇಕು. ಮೊದಮೊದಲು ಎಲ್ಲರೂ ನಿಲ್ಲಿಸಿ ನಿಲ್ಲಿಸಿ ಮಾಡುತ್ತಾರೆ: ತೋಳನ್ನು ನಿಲ್ಲಿಸಿ ಓಲಿಸುವುದು, ಓಲಿಸಿದ ಮೇಲೆ ಸುತ್ತಿಸುವುದು. ಆರನ್ನೂ ಒಟ್ಟಿಗೆ ಹರಿಯಬಿಡುವ ಅಭ್ಯಾಸ ಬಂದ ಮೇಲೆಯೇ ಇದರ ಲಾಭ ಕಾಣುವುದು.

ಇಷ್ಟು ಉಪಯೋಗವುಳ್ಳದ್ದು ನಮ್ಮಲ್ಲಿ ಏಕೆ ಹರಡಿಲ್ಲ? ಬೆಲೆ ಹೆಚ್ಚೆಂಬುದು ನಿಜವಾದರೂ ಅದೇ ಪೂರ್ತಿ ಉತ್ತರವಲ್ಲ. ನಮ್ಮ ಊರುಗಳಲ್ಲಿ ಈ ಯಂತ್ರಗಳನ್ನು ಬಾಡಿಗೆಗೆ ಕರೆಯುವುದು ಬಹುತೇಕ ಗಂಟೆಯ ಲೆಕ್ಕದಲ್ಲಿ. ಮಣಿಕಟ್ಟಿನಿಂದ ಎಂಟು ಗಂಟೆಯ ಕೆಲಸ ಐದು ಗಂಟೆಯಲ್ಲಿ ಮುಗಿಯಿತೆನ್ನೋಣ. ಉಳಿದ ಮೂರು ಗಂಟೆಯ ಬಾಡಿಗೆ ಯಾರ ಜೇಬಿನಲ್ಲಿ ಉಳಿಯಿತು? ಕರೆದವನ ಜೇಬಿನಲ್ಲಿ. ಸಾಧನಕ್ಕೆ ಹಣ ಹಾಕಿದವನು ಯಾರು? ಯಂತ್ರದ ಯಜಮಾನ. ಇನ್ನು ಗುಂಡಿಗೆ ಇಳಿಯುವವನ ಕೂಲಿಯೂ, ಅವನಿಗೊದಗುವ ಅಪಾಯವೂ ಯಜಮಾನನ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ಕಂದಕವನ್ನು ಮೀಟರಿಗೆ ಇಷ್ಟು ಎಂದು ಗುತ್ತಿಗೆ ಕೊಟ್ಟ ಕಡೆ, ಅಥವಾ ಮಣಿಕಟ್ಟುಳ್ಳ ಯಂತ್ರಕ್ಕೆ ಗಂಟೆಗೆ ಹೆಚ್ಚಿನ ದರವನ್ನು ಒಪ್ಪಿಕೊಂಡ ಕಡೆ, ಈ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಬೇಗ ಮುಗಿಸಿದವನಿಗೇ ಲಾಭ. ಡಾಂಬರನ್ನು ಕೆಡಿಸದವನಿಗೆ ಅದನ್ನು ಮತ್ತೆ ಹಾಕುವ ಖರ್ಚೂ ಇಲ್ಲ.